ಕಥೆಯ ಉತಾರ ಯಾರ ಕೈಯಲ್ಲಿದೆ? ಸ್ಟಾರ್ ಟ್ರೆಕ್, ಸ್ಟಾರ್ ವಾರ್ಸ್ ಮತ್ತು ಕ್ಯಾನನ್ ಎಂಬ ಲೆಕ್ಕ

ಬಾಹ್ಯಾಕಾಶದ ಕಥೆ ಹೇಳುವ ಸ್ಟಾರ್ ಟ್ರೆಕ್ ಟಿವಿ ಸರಣಿಯಾಗಿ ಶುರುವಾಗಿದ್ದು 1966ರಲ್ಲಿ, ಅಂಥದ್ದೇ ಸ್ಟಾರ್ ವಾರ್ಸ್ ಸಿನಿಮಾ ಆಗಿ ಬಂದದ್ದು 1977ರಲ್ಲಿ. ಒಂದಕ್ಕೆ 60, ಇನ್ನೊಂದಕ್ಕೆ 50 ತುಂಬುವ ಹೊತ್ತು ಇದು. ಹಿಂದೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇವುಗಳ ಹೆಸರು ಕೇಳಿದವರೇ ಕಡಿಮೆ. ಈಗ ಜಮಖಂಡಿಯ ಹುಡುಗಿಯ ಮೊಬೈಲ್‌ನಲ್ಲೂ ಒಟಿಟಿ ಇದೆ. ತೆರೆದರೆ ಒಂದೇ ಹೆಸರಿನ ಹತ್ತಾರು ಸಿನಿಮಾ, ಸರಣಿಗಳು ಸಾಲಾಗಿ ನಿಲ್ಲುತ್ತವೆ. ಆಗ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್ಲಿಂದ ಶುರು ಮಾಡೋದು? ಎಲ್ಲವನ್ನೂ ನೋಡಲೇಬೇಕಾ? ‘ಅದು ಕ್ಯಾನನ್ ಅಲ್ಲ, ಬಿಡು’ ಅಂತ ಗೆಳೆಯ ಹೇಳಿದರೆ ಅದರ ಅರ್ಥ ಏನು?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲಿನ ಎರಡು ಸುಲಭ. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಕಂಟಿನ್ಯೂಟಿ ಬೇರೆ, ಕ್ಯಾನನ್ ಬೇರೆ

ಕಂಟಿನ್ಯೂಟಿ ಅಂದರೆ ಕಥೆಯ ಹೊಂದಿಕೆ. ಹೋದ ಭಾಗದಲ್ಲಿ ಸತ್ತವನು ಈ ಭಾಗದಲ್ಲಿ ಕಾರಣವಿಲ್ಲದೆ ಎದ್ದು ಬರಬಾರದು. ಅಣ್ಣ ಇಲ್ಲ ಅಂದವಳಿಗೆ ಹತ್ತು ವರ್ಷ ಬಿಟ್ಟು ಸುಮ್ನೆ ಒಬ್ಬ ಅಣ್ಣ ಹುಟ್ಟಿಕೊಳ್ಳಬಾರದು. ಹಿಂದೆ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ತಾಳೆ ಆಗಬೇಕು, ಅಷ್ಟೇ.

ಕ್ಯಾನನ್ ಅನ್ನುವುದು ಒಂದು ತೀರ್ಮಾನ. ಒಂದು ಕಥಾಲೋಕದ ಹೆಸರಿನಲ್ಲಿ ಸಿನಿಮಾ, ಸರಣಿ, ಕಾದಂಬರಿ, ಕಾಮಿಕ್ಸ್, ಗೇಮ್ ಎಲ್ಲ ಬಂದಿರುತ್ತವೆ. ಅವುಗಳಲ್ಲಿ ಯಾವುದನ್ನು ಆ ಲೋಕದಲ್ಲಿ ನಿಜವಾಗಿ ನಡೆದದ್ದು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಕ್ಯಾನನ್.

ನಮ್ಮ ಕಡೆ ಹೊಲದ ಉತಾರ, ಅಂದರೆ ಪಹಣಿ, ಇದೆಯಲ್ಲ, ಇದು ಹಾಗೆ. ಈ ಹೊಲ ಯಾರದು, ಬದು ಎಲ್ಲಿಯವರೆಗೆ ಅಂತ ಊರಲ್ಲಿ ಹತ್ತು ಜನ ಹತ್ತು ಥರ ಹೇಳುತ್ತಾರೆ. ಅದರಲ್ಲಿ ಖರೇ ಮಾತೂ ಇರಬಹುದು. ಆದರೆ ತಹಶೀಲ್ದಾರ್ ಕಚೇರಿಯಲ್ಲಿ ನಡೆಯುವುದು ಉತಾರದಲ್ಲಿ ಏರಿದ ಹೆಸರು ಮಾತ್ರ. ಕ್ಯಾನನ್ ಅಂದರೆ ಕಥೆಯ ಉತಾರ. ಅದರಲ್ಲಿ ಇಲ್ಲದ ಕಾದಂಬರಿ ಕೆಟ್ಟದ್ದು ಅಂತಲ್ಲ, ಚಂದವೇ ಇರಬಹುದು. ಮುಂದಿನ ಕಥೆ ಬರೆಯುವವರು ಅದಕ್ಕೆ ಬದ್ಧರಾಗಿರಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಇವೆರಡೂ ಜೊತೆಯಾಗಿಯೇ ಇರಬೇಕು ಅಂತೇನೂ ಇಲ್ಲ. ಉತಾರದೊಳಗೇ ತಪ್ಪು ಇರಬಹುದು. ಷರ್ಲಾಕ್ ಹೋಮ್ಸ್ ಕಥೆಗಳನ್ನೇ ನೋಡಿ. ಆರ್ಥರ್ ಕಾನನ್ ಡಾಯ್ಲ್ ಬರೆದ 4 ಕಾದಂಬರಿ ಮತ್ತು 56 ಸಣ್ಣ ಕಥೆಗಳೇ ಅದರ ಕ್ಯಾನನ್. ಎಲ್ಲವೂ ಒಬ್ಬರೇ ಬರೆದದ್ದು. ಆದರೂ ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗುಲಿದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ! ಇಂಥ ತೊಡಕುಗಳನ್ನು ಶಾಸ್ತ್ರಗ್ರಂಥ ಓದುವ ಹಾಗೆ ಕೂತು ಬಿಡಿಸುವ ಆಟವನ್ನು ರೊನಾಲ್ಡ್ ನಾಕ್ಸ್ ಅನ್ನುವವರು 1911ರ ಒಂದು ಪ್ರಬಂಧದಲ್ಲಿ ಆಡಿ ತೋರಿಸಿದರು. ಅಭಿಮಾನಿಗಳು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಯಾರೂ ಲೆಕ್ಕ ಕೇಳುವುದಿಲ್ಲ ಅಂದುಕೊಂಡಿದ್ದ ಕಾಲ

1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಸ್ಟಾರ್ ಟ್ರೆಕ್ ಮೊದಲ ಸಲ ಬಂತು. ಜೀನ್ ರಾಡನ್‌ಬೆರಿ ಕಟ್ಟಿದ ಕಥಾಲೋಕ ಅದು. ಎಂಟರ್‌ಪ್ರೈಸ್ ಅನ್ನುವ ನೌಕೆ, ಅದರ ಕ್ಯಾಪ್ಟನ್ ಕರ್ಕ್, ವಲ್ಕನ್ ಗ್ರಹದ ಸ್ಪಾಕ್. ಮೂರು ಸೀಸನ್, 79 ಕಂತು ಆಗಿ 1969ರಲ್ಲಿ ನಿಂತಿತು.

ಆಗಿನ ಟಿವಿ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಕಂತು ಒಂದು ಸಲ ಬರುತ್ತದೆ, ಪುಣ್ಯ ಇದ್ದರೆ ಮರುಪ್ರಸಾರ. ಮನೆಯಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವ ದಾರಿ ಇಲ್ಲ. ಒಂದೊಂದು ಕಂತನ್ನು ಒಬ್ಬೊಬ್ಬರು ಬರೆಯುತ್ತಿದ್ದರು. ಎರಡು ಕಂತುಗಳನ್ನು ಪಕ್ಕಪಕ್ಕ ಇಟ್ಟು ಯಾರಾದರೂ ತಾಳೆ ನೋಡುತ್ತಾರೆ ಅಂತ ಬರೆದವರಿಗೆ ಹೊಳೆದಿರುವುದೇ ಅನುಮಾನ. ಹಾಗಾಗಿ ಶುರುವಿನ ಒಂದು ಕಂತಿನಲ್ಲಿ ಕರ್ಕ್‌ಗಾಗಿ ಸಿದ್ಧವಾದ ಗೋರಿಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಅಂತಿದೆ. ಆಮೇಲೆ ಅವನು ‘ಜೇಮ್ಸ್ ಟಿ. ಕರ್ಕ್’ ಆದ.

ಈ ‘ಟಿ’ ಅಕ್ಷರದ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಅದರ ಪೂರ್ತಿ ರೂಪ ಟೈಬೀರಿಯಸ್. ಈ ಹೆಸರು ಮೊದಲು ಕೇಳಿಸಿದ್ದು 1974ರಲ್ಲಿ, ಅನಿಮೇಷನ್ ಸರಣಿಯ ಒಂದು ಕಂತಿನಲ್ಲಿ. ಆ ಸರಣಿ 1973–74ರಲ್ಲಿ 22 ಕಂತು ಬಂತು. ಮುಂದೆ 1980ರ ದಶಕದ ಕೊನೆಗೆ ಆ ಅನಿಮೇಷನ್ ಸರಣಿಯನ್ನೇ ಕ್ಯಾನನ್‌ನಿಂದ ಹೊರಗಿಟ್ಟರು. ಅಂದರೆ ಹೆಸರು ಕೊಟ್ಟ ಕಂತು ಉತಾರದಿಂದ ಹೋಯಿತು. ಆದರೆ 1991ರ ಸಿನಿಮಾದ ನ್ಯಾಯಾಲಯದ ದೃಶ್ಯದಲ್ಲಿ ಕರ್ಕ್‌ನನ್ನು ಅದೇ ಪೂರ್ತಿ ಹೆಸರಿನಿಂದ ಕರೆದರು, ಹೆಸರು ಗಟ್ಟಿಯಾಯಿತು. ಆ ಸರಣಿಯೂ ಆಮೇಲೆ ವಾಪಸ್ ಬಂತು ಅನ್ನಿ.

ನೌಕೆ ನಡೆಸುವ ಸುಲು ಅನ್ನುವ ಪಾತ್ರದ್ದೂ ಇದೇ ಥರ. ಅವನ ಮೊದಲ ಹೆಸರು ಹಿಕಾರು. ಅದನ್ನು ಇಟ್ಟವರು ವೊಂಡಾ ಮೆಕಿಂಟೈರ್, ತಮ್ಮ 1981ರ ಕಾದಂಬರಿಯಲ್ಲಿ. ಸ್ಟಾರ್ ಟ್ರೆಕ್‌ನಲ್ಲಿ ಕಾದಂಬರಿಗಳು ಕ್ಯಾನನ್ ಅಲ್ಲ. ಹತ್ತು ವರ್ಷದ ಮೇಲೆ ಅದೇ 1991ರ ಸಿನಿಮಾದಲ್ಲಿ ಆ ಹೆಸರು ಬಾಯಿಬಿಟ್ಟು ಹೇಳಿದಾಗಲೇ ಅದು ಅಧಿಕೃತ ಆದದ್ದು.

ಸ್ಟಾರ್ ಟ್ರೆಕ್‌ನ ನಿಯಮ ಇಷ್ಟೇ: ಪರದೆಯ ಮೇಲೆ ಬಂದದ್ದು ಲೆಕ್ಕಕ್ಕೆ, ಕಾಗದದ ಮೇಲೆ ಬಂದದ್ದು ಲೆಕ್ಕಕ್ಕಿಲ್ಲ. ನೆನಪಿಡೋಕೆ ಸುಲಭ. ಮೇಲಿನ ಎರಡು ಹೆಸರುಗಳು ತೋರಿಸುವ ಹಾಗೆ, ಗೋಡೆಗೆ ಬಾಗಿಲೂ ಇದೆ. ಹೊರಗಿನ ಒಳ್ಳೆಯ ವಿಚಾರ ಪರದೆಗೆ ಏರಿದ ದಿನ ಒಳಗಿನದಾಗುತ್ತದೆ.

ಕ್ಲಿಂಗಾನ್‌ರ ಹಣೆ

ಹೊಂದಿಕೆ ತಪ್ಪಿದಾಗ ಕಥೆಗಾರರು ಏನು ಮಾಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಕ್ಲಿಂಗಾನ್ ಅನ್ನುವವರು ಸ್ಟಾರ್ ಟ್ರೆಕ್‌ನ ಯೋಧ ಜನಾಂಗ. 1960ರ ದಶಕದಲ್ಲಿ ದುಡ್ಡು ಕಡಿಮೆ. ಮುಖಕ್ಕೆ ಒಂದಿಷ್ಟು ಬಣ್ಣ, ಗಡ್ಡ ಮೀಸೆ, ಹುಬ್ಬು ಏರಿಸಿದರೆ ಕ್ಲಿಂಗಾನ್ ತಯಾರು. ಹಣೆ ನಮ್ಮ ನಿಮ್ಮ ಹಾಗೇ ನುಣ್ಣಗೆ. 1979ರಲ್ಲಿ ಮೊದಲ ಸಿನಿಮಾ ಬಂತು, ದುಡ್ಡೂ ಬಂತು. ಕ್ಲಿಂಗಾನ್‌ರ ಹಣೆಯ ಮೇಲೆ ದಪ್ಪ ದಪ್ಪ ಎಲುಬಿನ ಏಣು ಎದ್ದವು. ಮುಂದೆ ಬಂದ ಸರಣಿಗಳಲ್ಲೂ ಏಣಿನ ಹಣೆಯೇ.

ಮೊದಲು ಯಾರೂ ಇದಕ್ಕೆ ಕಾರಣ ಕೊಡಲಿಲ್ಲ. ಮೇಕಪ್ ಸುಧಾರಿಸಿದೆ, ಕಣ್ಣಿಗೆ ಕಂಡದ್ದನ್ನು ಒಪ್ಪಿಕೊಳ್ಳಿ ಅನ್ನುವ ರೀತಿ. ಇದೂ ಒಂದು ದಾರಿಯೇ. ನಾಟಕದಲ್ಲಿ ಪಾತ್ರಧಾರಿ ಬದಲಾದರೆ ‘ರಾಜನ ಮುಖ ಯಾಕೆ ಬದಲಾಯಿತು’ ಅಂತ ನಾವು ಕೇಳುವುದಿಲ್ಲ, ಅಲ್ವಾ?

ತೊಡಕು ಶುರುವಾದದ್ದು 1996ರಲ್ಲಿ. ‘ಡೀಪ್ ಸ್ಪೇಸ್ ನೈನ್’ ಸರಣಿಯ ಒಂದು ಕಂತಿನಲ್ಲಿ ಪಾತ್ರಗಳು ಕಾಲದಲ್ಲಿ ಹಿಂದಕ್ಕೆ ಹೋಗಿ, 1960ರ ದಶಕದ ಹಳೆಯ ಕಂತಿನ ದೃಶ್ಯಗಳ ಒಳಗೇ ಕಾಲಿಟ್ಟವು. ಈ ಸರಣಿಯ ಕ್ಲಿಂಗಾನ್ ಪಾತ್ರ, ಏಣಿನ ಹಣೆಯ ವರ್ಫ್ ಪಕ್ಕದಲ್ಲಿ ನುಣ್ಣನೆಯ ಹಣೆಯ ಹಳೆಯ ಕ್ಲಿಂಗಾನ್‌ರು! ಇನ್ನು ಕಂಡೂ ಕಾಣದ ಹಾಗೆ ಇರೋಕೆ ಆಗಲ್ಲ. ಜೊತೆಯವರು ಏನಿದು ಅಂತ ಕೇಳಿದಾಗ ವರ್ಫ್, ಇದು ನಾವು ಹೊರಗಿನವರ ಹತ್ತಿರ ಮಾತಾಡದ ವಿಷಯ ಅಂದುಬಿಟ್ಟ. ನೋಡುಗರು ನಕ್ಕರು. ಆದರೆ ಅಷ್ಟರಲ್ಲಿ ಒಂದು ದೊಡ್ಡ ಬದಲಾವಣೆ ಆಗಿಹೋಗಿತ್ತು. ಹಣೆಯ ವ್ಯತ್ಯಾಸ ಇನ್ನು ಮೇಕಪ್‌ನ ವಿಷಯ ಅಲ್ಲ, ಕಥೆಯೊಳಗೇ ನಡೆದ ಸಂಗತಿ. ಅದಕ್ಕೊಂದು ಕಾರಣ ಇರಲೇಬೇಕು.

ಆ ಕಾರಣ ಬಂದದ್ದು 2005ರಲ್ಲಿ, ‘ಎಂಟರ್‌ಪ್ರೈಸ್’ ಸರಣಿಯ ಎರಡು ಕಂತುಗಳಲ್ಲಿ. ಮನುಷ್ಯರ ವಂಶವಾಹಿಗಳನ್ನು ತಿದ್ದಿ ಹುಟ್ಟಿಸಿದ ಬಲಶಾಲಿಗಳು ಈ ಲೋಕದಲ್ಲಿ ಇದ್ದರು. ಕ್ಲಿಂಗಾನ್‌ರು ಅದೇ ವಿದ್ಯೆಯನ್ನು ತಮ್ಮವರ ಮೇಲೆ ಪ್ರಯೋಗಿಸಿದರು. ಅದು ಕೆಟ್ಟು ವೈರಸ್ ಆಗಿ ಹರಡಿತು. ಜೀವ ಉಳಿದವರ ಹಣೆಯ ಏಣು ಹೋದವು. ಒಂದು ಕಾಲದ ದುಡ್ಡಿನ ಕೊರತೆ ಇನ್ನೊಂದು ಕಾಲದಲ್ಲಿ ಒಂದು ಜನಾಂಗದ ನಾಚಿಕೆ, ನೋವು ಆಯಿತು. ತೇಪೆ ಹಾಕಿದ ಜಾಗದಲ್ಲೇ ಹೊಸ ಕಥೆ ಬೆಳೆದದ್ದು ನನಗೆ ತುಂಬ ಇಷ್ಟ.

ಹಳೆಯದನ್ನು ಅಳಿಸದೆ ಅರ್ಥ ಬದಲಿಸುವುದು

ಹೀಗೆ ಹಿಂದೆ ನಡೆದದ್ದಕ್ಕೆ ಆಮೇಲೆ ಹೊಸ ಅರ್ಥ ಕೊಡುವುದನ್ನು ರೆಟ್‌ಕಾನ್ ಅನ್ನುತ್ತಾರೆ. ಸ್ಟಾರ್ ವಾರ್ಸ್‌ನ ಅತಿ ದೊಡ್ಡ ತಿರುವು ಒಂದು ರೆಟ್‌ಕಾನ್. 1977ರ ಮೊದಲ ಸಿನಿಮಾದಲ್ಲಿ ಹಿರಿಯ ಓಬಿ-ವಾನ್, ಯುವಕ ಲ್ಯೂಕ್‌ಗೆ ಹೇಳುವುದು ಏನು? ಡಾರ್ತ್ ವೇಡರ್ ಅನ್ನುವವನು ನಿನ್ನ ತಂದೆಗೆ ದ್ರೋಹ ಮಾಡಿ ಕೊಂದ ಅಂತ. 1980ರ ಸಿನಿಮಾದಲ್ಲಿ ವೇಡರ್ ತಾನೇ ಲ್ಯೂಕ್‌ನ ತಂದೆ ಅನ್ನುತ್ತಾನೆ. ಹಾಗಾದರೆ ಓಬಿ-ವಾನ್ ಸುಳ್ಳು ಹೇಳಿದನೇ? 1983ರ ಸಿನಿಮಾದಲ್ಲಿ ಅವನೇ ಸಮಜಾಯಿಷಿ ಕೊಡುತ್ತಾನೆ: ಒಳ್ಳೆಯವನಾಗಿದ್ದ ನಿನ್ನ ತಂದೆ ವೇಡರ್ ಆದ ದಿನವೇ ಸತ್ತಂತೆ, ಒಂದು ದೃಷ್ಟಿಯಿಂದ ನಾನು ಹೇಳಿದ್ದು ನಿಜವೇ.

ಮೊದಲ ಸಿನಿಮಾದ ಆ ಮಾತಿನ ಒಂದು ಅಕ್ಷರವೂ ಬದಲಾಗಲಿಲ್ಲ. ಆದರೆ ಇವತ್ತು ಅದನ್ನು ನೋಡುವಾಗ ಓಬಿ-ವಾನ್ ಮಾತಾಡುವ ಮೊದಲು ತಡೆಯುವ ಆ ಒಂದು ಕ್ಷಣ ಬೇರೆಯೇ ಆಗಿ ಕಾಣುತ್ತದೆ. ಒಳ್ಳೆಯ ರೆಟ್‌ಕಾನ್ ಹಳೆಯ ದೃಶ್ಯಕ್ಕೆ ತೂಕ ಕೊಡುತ್ತದೆ.

ಹಳೆಯದನ್ನೇ ತಿದ್ದುವ ದಾರಿಯೂ ಉಂಟು. 1977ರ ಸಿನಿಮಾದಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೊ, ತನ್ನನ್ನು ಹಿಡಿಯಲು ಬಂದು ಎದುರು ಕೂತ ಗ್ರೀಡೊನನ್ನು ತಾನೇ ಮೊದಲು ಗುಂಡು ಹೊಡೆದು ಕೊಲ್ಲುತ್ತಾನೆ. 1997ರ ಮರುಬಿಡುಗಡೆಯಲ್ಲಿ ಗ್ರೀಡೊ ಮೊದಲು ಹೊಡೆಯುವ ಹಾಗೆ ದೃಶ್ಯ ಬದಲಾಯಿತು. ಇದು ರೆಟ್‌ಕಾನ್ ಅಲ್ಲ, ದಾಖಲೆಯನ್ನೇ ಬದಲಿಸಿದ್ದು. ಅಭಿಮಾನಿಗಳು ಇದನ್ನು ಇನ್ನೂ ಮರೆತಿಲ್ಲ. ಯಾಕೆಂದರೆ ನೋಡಿ ನೆನಪಿಟ್ಟುಕೊಂಡದ್ದೇ ಇಲ್ಲ ಅಂತಾದರೆ ನೋಡಿದವರಿಗೆ ನೋವಾಗುತ್ತದೆ.

2014ರ ಏಪ್ರಿಲ್ 25

ಸ್ಟಾರ್ ವಾರ್ಸ್‌ನ ಕ್ಯಾನನ್ ಸ್ಟಾರ್ ಟ್ರೆಕ್‌ನ ಹಾಗೆ ಸರಳವಾಗಿರಲಿಲ್ಲ. ಮೊದಲ ಮೂರು ಸಿನಿಮಾ 1983ಕ್ಕೆ ಮುಗಿದವು. ಆಮೇಲೆ ಹದಿನಾರು ವರ್ಷ ಹೊಸ ಸಿನಿಮಾ ಇಲ್ಲ. ಆ ಖಾಲಿ ಜಾಗವನ್ನು ಕಾದಂಬರಿ, ಕಾಮಿಕ್ಸ್, ಗೇಮ್‌ಗಳು ತುಂಬಿದವು. 1991ರಲ್ಲಿ ಟಿಮೊಥಿ ಝಾನ್ ಬರೆದ ಕಾದಂಬರಿಯಲ್ಲಿ ಥ್ರಾನ್ ಅನ್ನುವ ನೀಲಿ ಮೈಯ, ಕೆಂಪು ಕಣ್ಣಿನ ಸೇನಾಪತಿ ಹುಟ್ಟಿದ. ಶತ್ರುವಿನ ಕಲೆಯನ್ನು ಕೂತು ನೋಡಿ ಅವನ ಮನಸ್ಸನ್ನು ಓದುವವನು. 1999ರ ಇನ್ನೊಂದು ಕಾದಂಬರಿಯಲ್ಲಿ ಹಾನ್ ಸೋಲೊನ ಜೊತೆಗಾರ, ಎಲ್ಲರ ಪ್ರೀತಿಯ ಚ್ಯೂಬಾಕಾ ಸತ್ತ. ಓದಿದವರು ಅತ್ತರು. ಅವರ ಪಾಲಿಗೆ ಇದೆಲ್ಲ ನಡೆದದ್ದೇ.

ಇಷ್ಟು ದೊಡ್ಡ ರಾಶಿಗೆ ಲೆಕ್ಕ ಬೇಕಾಯಿತು. 2000ದಿಂದ ಸ್ಟಾರ್ ವಾರ್ಸ್ ತಯಾರಿಸುವ ಲೂಕಾಸ್‌ಫಿಲ್ಮ್ ಕಂಪನಿಯಲ್ಲಿ ಲೀಲ್ಯಾಂಡ್ ಚೀ ಅನ್ನುವವರು ‘ಹಾಲೊಕ್ರಾನ್’ ಎಂಬ ಮಾಹಿತಿಕೋಶ ನೋಡಿಕೊಂಡರು. ಅದರಲ್ಲಿ ಮೆಟ್ಟಿಲುಗಳಿದ್ದವು. ಈ ಲೋಕ ಕಟ್ಟಿದ ಜಾರ್ಜ್ ಲೂಕಾಸ್‌ರ ಸಿನಿಮಾಗಳು ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಟಿವಿ. ಅದಕ್ಕೂ ಕೆಳಗೆ ಕಾದಂಬರಿ, ಕಾಮಿಕ್ಸ್. ಕೆಳಗಿನದು ಮೇಲಿನದಕ್ಕೆ ವಿರುದ್ಧ ಹೋಗದಿದ್ದರೆ ಲೆಕ್ಕಕ್ಕೆ ಉಂಟು, ಹೋದರೆ ಮೇಲಿನದೇ ನಿಜ.

2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಕಂಪನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಲೂಕಾಸ್‌ಫಿಲ್ಮ್ ಕೊಂಡಿತು. ಹೊಸ ಸಿನಿಮಾಗಳು ಬೇಕಾಗಿದ್ದವು. ಮುಂದಿನ ಕಥೆ ಏನಾದರೂ ಬರೆಯೋಣ ಅಂದರೆ ಆ ಜಾಗದಲ್ಲಿ ಕಾದಂಬರಿಗಳು ಆಗಲೇ ಕೂತಿವೆ. ಲ್ಯೂಕ್‌ಗೆ ಮದುವೆ ಆಗಿದೆ, ಚ್ಯೂಬಾಕಾ ಸತ್ತಿದ್ದಾನೆ. ಸಿನಿಮಾ ನೋಡುವವರಲ್ಲಿ ಹೆಚ್ಚಿನವರು ಅವುಗಳಲ್ಲಿ ಒಂದನ್ನೂ ಓದಿದವರಲ್ಲ.

2014ರ ಏಪ್ರಿಲ್ 25ರಂದು ತೀರ್ಮಾನ ಹೊರಬಿತ್ತು. ಆರು ಸಿನಿಮಾಗಳು, ‘ದಿ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿ ಮತ್ತು ಅದರ ಸಿನಿಮಾ ಉಳಿಯುತ್ತವೆ. ಹಳೆಯ ಕಾದಂಬರಿ, ಕಾಮಿಕ್ಸ್ ‘ಲೆಜೆಂಡ್ಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಇರುತ್ತವೆ, ಆದರೆ ಕ್ಯಾನನ್ ಅಲ್ಲ. ಇನ್ನು ಮುಂದೆ ಬರುವ ಪುಸ್ತಕ, ಸಿನಿಮಾ, ಗೇಮ್ ಎಲ್ಲಕ್ಕೂ ಒಂದೇ ದರ್ಜೆ. ಅವುಗಳ ಹೊಂದಿಕೆಯನ್ನು ‘ಸ್ಟೋರಿ ಗ್ರೂಪ್’ ಎಂಬ ತಂಡ ನೋಡಿಕೊಳ್ಳುತ್ತದೆ. ಮೆಟ್ಟಿಲುಗಳು ಹೋದವು.

ಇಪ್ಪತ್ತು, ಮೂವತ್ತು ವರ್ಷ ಓದಿದವರಿಗೆ ಇದು ದೊಡ್ಡ ಪೆಟ್ಟು. ಅವರ ಕಪಾಟಿನಿಂದ ಯಾರೂ ಪುಸ್ತಕ ಒಯ್ಯಲಿಲ್ಲ ನಿಜ. ಆದರೆ ಆ ಪುಸ್ತಕಗಳಿಗೆ ಇನ್ನು ‘ಮುಂದೆ’ ಇಲ್ಲ. ಕಂಪನಿಯ ಕಡೆಯಿಂದ ನೋಡಿದರೂ ಬೇರೆ ದಾರಿ ಕಾಣುವುದಿಲ್ಲ. ಎರಡೂ ಮಾತು ಖರೇನೇ.

ಇಲ್ಲಿಯೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಥ್ರಾನ್ 2016ರಲ್ಲಿ ‘ರೆಬೆಲ್ಸ್’ ಅನಿಮೇಷನ್ ಸರಣಿಯಲ್ಲಿ ಮತ್ತೆ ಬಂದ. ಮರುವರ್ಷ ಝಾನ್ ಅವರೇ ಅವನ ಮೇಲೆ ಹೊಸ ಕಾದಂಬರಿ ಬರೆದರು. 2023ರ ‘ಅಹ್ಸೋಕಾ’ ಸರಣಿಯಲ್ಲಿ ನಟರೇ ಆ ಪಾತ್ರ ಮಾಡಿದರು. ಹೆಸರು, ನೀಲಿ ಮೈ, ಕಲೆಯ ಹುಚ್ಚು ಎಲ್ಲ ಅದೇ. 1991ರ ಕಾದಂಬರಿಯಲ್ಲಿ ಅವನು ಮಾಡಿದ್ದು ಮಾತ್ರ ಈ ಥ್ರಾನ್‌ನ ಬದುಕಿನಲ್ಲಿ ನಡೆದಿಲ್ಲ.

ಹೊಸ ಕಾಲರೇಖೆ

ಎಲ್ಲ ಹೊಸದಾಗಿ ಶುರು ಮಾಡುವುದಕ್ಕೆ ರೀಬೂಟ್ ಅನ್ನುತ್ತಾರೆ. 2009ರ ಸ್ಟಾರ್ ಟ್ರೆಕ್ ಸಿನಿಮಾ ರೀಬೂಟ್ ಮಾಡಿತು, ಹಳೆಯದನ್ನೂ ಉಳಿಸಿಕೊಂಡಿತು. 2387ನೇ ಇಸವಿಯಿಂದ ನೀರೊ ಎಂಬ ಖಳ ಕಾಲದಲ್ಲಿ ಹಿಂದಕ್ಕೆ, 2233ಕ್ಕೆ ಬಂದು ಕೆಲ್ವಿನ್ ಎಂಬ ನೌಕೆಯನ್ನು ಹಾಳುಮಾಡುತ್ತಾನೆ. ಆ ಕ್ಷಣದಿಂದ ಕಾಲ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಹಳೆಯ ಕಥೆಗಳೆಲ್ಲ ಹಾಗೇ ಇವೆ. ಇನ್ನೊಂದರಲ್ಲಿ ಕರ್ಕ್‌ನ ಬದುಕು ಬೇರೆ. ಹಳೆಯ ಸ್ಪಾಕ್ ಮುದುಕನಾಗಿ ಹೊಸ ಕವಲಿಗೆ ಬರುತ್ತಾನೆ, ಆ ಪಾತ್ರ ಮಾಡಿದವರೂ 1966ರ ಸ್ಪಾಕ್ ಲೆನಾರ್ಡ್ ನಿಮೋಯ್ ಅವರೇ. ಹಳೆಯ ನೋಡುಗರಿಗೆ ಸಂದ ಗೌರವ ಅದು.

ನಿಜವಾದ ಕ್ಯಾಲೆಂಡರ್ ಕಥೆಯನ್ನು ದಾಟಿದರೆ? 1967ರ ಕಂತೊಂದು, 1990ರ ದಶಕದಲ್ಲಿ ಭೂಮಿಯ ಮೇಲೆ ದೊಡ್ಡ ಯುದ್ಧ ಆಯಿತು, ಖಾನ್ ಎಂಬ ಸರ್ವಾಧಿಕಾರಿ ಆಳಿದ ಅಂತ ಹೇಳಿತ್ತು. ಆ ದಶಕವನ್ನು ನಾವೆಲ್ಲ ಕಣ್ಣಾರೆ ಕಂಡೆವು, ಖಾನ್ ಬರಲಿಲ್ಲ. 2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿ ಇದಕ್ಕೆ ದಾರಿ ಹುಡುಕಿತು. ಕಾಲಯಾನಿಗಳು ಚರಿತ್ರೆಯಲ್ಲಿ ಕೈಯಾಡಿಸಿದ್ದರಿಂದ ಆ ಘಟನೆಗಳು ಮುಂದಕ್ಕೆ ಹೋದವು. 21ನೇ ಶತಮಾನದ ಟೊರಾಂಟೊದಲ್ಲಿ ಖಾನ್ ಇನ್ನೂ ಚಿಕ್ಕ ಹುಡುಗ.

‘ಡಾಕ್ಟರ್ ಹೂ’ ಮೂರನೆಯ ಬಗೆ. 1963ರಲ್ಲಿ ಶುರುವಾದ ಈ ಬ್ರಿಟಿಷ್ ಸರಣಿಗೆ ಬಿಬಿಸಿ ಕ್ಯಾನನ್‌ನ ಪಟ್ಟಿಯನ್ನೇ ಕೊಟ್ಟಿಲ್ಲ. ನಾಯಕ ಸಾಯುವ ಹೊತ್ತಿಗೆ ಹೊಸ ಮೈ ಪಡೆಯುತ್ತಾನೆ, ಹೊಸ ನಟ ಬರುತ್ತಾರೆ. ಹೀಗೆ 12 ಸಲ ಮಾತ್ರ ಸಾಧ್ಯ ಅಂತ 1976ರ ಕಥೆ ಹೇಳಿತ್ತು. 2013ರಲ್ಲಿ ಆ ಮಿತಿ ಬಂದು ನಿಂತಾಗ ಅವನಿಗೆ ಹೊಸ ಸುತ್ತು ಕೊಟ್ಟು ದಾಟಿಸಿದರು.

ಮುಧೋಳದ ರನ್ನನಿಗೆ ಯಾಕೆ ಈ ತೊಡಕು ಬರಲಿಲ್ಲ

ಕುರುಕ್ಷೇತ್ರ ಯುದ್ಧ ಮುಗಿದ ಮೇಲೆ ಪಟ್ಟಕ್ಕೆ ಏರಿದವರು ಯಾರು? ವ್ಯಾಸರ ಭಾರತದಲ್ಲಿ ಧರ್ಮರಾಯ. 941ರ ಪಂಪನ ಕಾವ್ಯದಲ್ಲಿ ಅರ್ಜುನ, ದ್ರೌಪದಿಯೂ ಅವನೊಬ್ಬನ ಹೆಂಡತಿ. ನಮ್ಮ ಮುಧೋಳದ ರನ್ನನ ಗದಾಯುದ್ಧದಲ್ಲಿ ಪಟ್ಟ ಕಟ್ಟುವುದು ಭೀಮನಿಗೆ. ಪಂಪ ತನ್ನ ರಾಜ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ.

ಮೂರೂ ಒಂದಕ್ಕೊಂದು ತಾಳೆ ಆಗುವುದಿಲ್ಲ. ಆದರೂ ಕನ್ನಡ ಓದುಗರು ಮೂರನ್ನೂ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಯಾಕೆಂದರೆ ಭಾರತಕ್ಕೆ ಒಬ್ಬ ಮಾಲೀಕ ಇಲ್ಲ. ಯಾವ ಕವಿಯೂ ಇನ್ನೊಬ್ಬ ಕವಿಯ ಕಥೆಯನ್ನು ಕಂತಿನ ಹಾಗೆ ಮುಂದುವರಿಸಬೇಕಿಲ್ಲ. ಒಂದೊಂದೂ ತನ್ನಷ್ಟಕ್ಕೆ ಪೂರ್ತಿ.

ಸ್ಟಾರ್ ಟ್ರೆಕ್, ಸ್ಟಾರ್ ವಾರ್ಸ್ ಹಾಗಲ್ಲ. ಒಂದೊಂದರ ಹಕ್ಕು ಒಂದೊಂದು ಕಂಪನಿಯ ಕೈಯಲ್ಲಿದೆ. ಇವತ್ತಿನ ಕಂತು ನಿನ್ನೆಯ ಕಂತಿನ ಮೇಲೆ ನಿಂತಿದೆ. ನಿನ್ನೆ ನೋಡಿದ್ದು ವ್ಯರ್ಥವಲ್ಲ ಅನ್ನುವ ನಂಬಿಕೆ ಇದ್ದರೇ ಜನ ನಾಳೆಯೂ ಬರುತ್ತಾರೆ. ಕ್ಯಾನನ್ ಹುಟ್ಟಿದ್ದು ಆ ನಂಬಿಕೆಯನ್ನು ಕಾಯುವುದಕ್ಕೆ.

ಹಾಗಾದರೆ ನೋಡುವುದು ಎಲ್ಲಿಂದ?

ಎಲ್ಲವನ್ನೂ ನೋಡಬೇಕಿಲ್ಲ. ಕೈಗೆತ್ತಿಕೊಂಡ ಕಥೆಯ ನಿಯಮ ಯಾವುದು ಅಂತ ತಿಳಿದರೆ ಸಾಕು. ಸ್ಟಾರ್ ಟ್ರೆಕ್ ಆದರೆ ಕಾದಂಬರಿ ಓದದೆ ಯಾವ ಸರಣಿಯಿಂದಲಾದರೂ ಶುರು ಮಾಡಬಹುದು. ಸ್ಟಾರ್ ವಾರ್ಸ್ ಆದರೆ ಬಿಡುಗಡೆಯಾದ ಕ್ರಮದಲ್ಲಿ, 1977, 1980, 1983 ಅಂತ ನೋಡುವುದು ಒಳ್ಳೆಯದು. ಕಥೆಯ ಕಾಲಕ್ರಮ ಹಿಡಿದು 1999ರ ಸಿನಿಮಾದಿಂದ ಹೊರಟರೆ ತಂದೆಯ ಗುಟ್ಟು ಮೊದಲೇ ಬಿಟ್ಟುಹೋಗುತ್ತದೆ. ಹಳೆಯ ಸ್ಟಾರ್ ವಾರ್ಸ್ ಕಾದಂಬರಿ ಕೈಗೆ ಸಿಕ್ಕರೆ ಮುಖಪುಟದಲ್ಲಿ ‘ಲೆಜೆಂಡ್ಸ್’ ಇದೆಯಾ ನೋಡಿ. ಇದ್ದರೆ, ಇಲ್ಲವೇ 2014ಕ್ಕೆ ಮೊದಲು ಅಚ್ಚಾಗಿದ್ದರೆ, ಅದು ಬೇರೆ ಕವಲು ಅಂತ ತಿಳಿದು ಆರಾಮಾಗಿ ಓದಿ.

ಕಂಟಿನ್ಯೂಟಿಯ ರುಚಿ ಹತ್ತಬೇಕು ಅಂದರೆ ಎರಡೇ ಸಾಕು. 1967ರ ಸ್ಟಾರ್ ಟ್ರೆಕ್ ಕಂತು ‘ಸ್ಪೇಸ್ ಸೀಡ್’ ಮೊದಲು ನೋಡಿ, ಖಾನ್ ಅದರಲ್ಲೇ ಬರುವುದು. ಆಮೇಲೆ 1982ರ ಸಿನಿಮಾ ‘ದಿ ರಾತ್ ಆಫ್ ಖಾನ್’. ಎರಡರಲ್ಲೂ ಖಾನ್ ಆಗಿ ರಿಕಾರ್ಡೊ ಮೊಂಟಲ್ಬಾನ್ ಅವರೇ ನಟಿಸಿದ್ದಾರೆ. ನಡುವಿನ ಹದಿನೈದು ವರ್ಷ ಆ ಮುಖದಲ್ಲೇ ಕಾಣುತ್ತದೆ. ಸಿನಿಮಾದಲ್ಲಿ ಖಾನ್, ಚೆಕಾವ್ ಎಂಬ ಅಧಿಕಾರಿಯನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಚೆಕಾವ್ ಪಾತ್ರ ಸರಣಿಗೆ ಸೇರಿದ್ದು ಎರಡನೆಯ ಸೀಸನ್‌ನಲ್ಲಿ, ಖಾನ್‌ನ ಕಂತು ಬಂದು ಹೋದ ಮೇಲೆ. ಅವನು ನೌಕೆಯಲ್ಲಿ ಇದ್ದ, ಆ ಕಂತಿನಲ್ಲಿ ಕ್ಯಾಮೆರಾ ಅವನ ಕಡೆ ತಿರುಗಲಿಲ್ಲ ಅನ್ನುವುದು ಅಭಿಮಾನಿಗಳ ಉತ್ತರ. ಒಪ್ಪುವುದು ಬಿಡುವುದು ನೋಡಿದ ಮೇಲೆ ನೀವೇ ನಿರ್ಧರಿಸಿ.